ಭೌತಚಿಕಿತ್ಸೆಯಲ್ಲಿ ಶ್ರವಣಾತೀತ ಶಬ್ದ: ಅದರ ಮಾತ್ರೆಯ ವಿಚಾರ

೧

ಮನುಷ್ಯನ ಕಿವಿಗೆ ಗೋಚರವಾಗುವ ಶಬ್ದಕ್ಕೆ ಎರಡು ಕಡೆಗಳಲ್ಲಿಯೂ ಎಲ್ಲೆಗಳುಂಟು. ಸೆಕೆಂಡಿಗೆ ಸುಮಾರು ೨೦ ಕಂಪನಗಳಿಗಿಂತ ಕಡಮೆಯಾದುದು ಕೇಳಿಸದು. ಸುಮಾರು ೨೦,೦೦೦ ಕಂಪನಗಳನ್ನು ಮೀರಿದುದೂ ಕೇಳಿಸದು. ಮೇಲಿನ ಎಲ್ಲೆಯನ್ನು ದಾಟಿದ ಕಂಪನಗಳಿಗೆ ಶ್ರವಣಾತೀತ ಶಬ್ದವೆಂದು ಹೆಸರು. ಆಸ್ಪತ್ರೆಗಳಲ್ಲಿ ಜನರು ಅದನ್ನು ಅಲ್ಟ್ರಾಸೌಂಡ್ ಎಂದೇ ಕರೆಯುವರು. ಕೇಳಿಸದುದನ್ನು ಶಬ್ದವೆನ್ನುವುದು ವಿರೋಧವೆಂದು ತೋರಬಹುದು. ಆದರೆ ಭೌತಶಾಸ್ತ್ರದ ದೃಷ್ಟಿಯಲ್ಲಿ ಶಬ್ದವೆಂದರೆ ಪದಾರ್ಥದ ಕಣಗಳ ಕಂಪನವು ತರಂಗರೂಪದಿಂದ ಮುಂದುವರಿಯುವುದೇ ಹೊರತು ಕಿವಿಯ ಅನುಭವವಲ್ಲ. ಕತ್ತಲೆಯಲ್ಲಿ ಹಾರುವ ಬಾವಲಿಯು ತಾನು ಹೊರಡಿಸಿದ ಇಂತಹ ಶಬ್ದದ ಪ್ರತಿಧ್ವನಿಯಿಂದಲೇ ದಾರಿಯನ್ನು ಅರಿಯುತ್ತದೆ.

ವೈದ್ಯದಲ್ಲಿ ಈ ಶಬ್ದಕ್ಕೆ ಎರಡು ಉಪಯೋಗಗಳಿವೆ. ಒಂದು, ಶರೀರದ ಒಳಗನ್ನು ನೋಡುವುದು. ಗರ್ಭದಲ್ಲಿರುವ ಶಿಶುವಿನ ಚಿತ್ರವನ್ನು ತೆಗೆಯುವುದು ಈ ಬಗೆಯದು. ಇನ್ನೊಂದು, ನೋವು, ಬಿಗಿತ, ಗಾಯ ಇವುಗಳಿಗೆ ಚಿಕಿತ್ಸೆ ಮಾಡುವುದು. ಜನರು ಎರಡಕ್ಕೂ ಒಂದೇ ಹೆಸರನ್ನು ಹೇಳುವುದರಿಂದ, ಮೊದಲನೆಯದು ನಿರಪಾಯವಾದರೆ ಎರಡನೆಯದೂ ನಿರಪಾಯವೇ ಆಗಿರಬೇಕೆಂಬ ಭ್ರಾಂತಿಯು ಸುಲಭವಾಗಿ ಹುಟ್ಟುತ್ತದೆ. ವಾಸ್ತವದಲ್ಲಿ ಚಿತ್ರಕ್ಕಾಗಿ ಕಳುಹಿಸುವ ಶಬ್ದವು ಸೆಕೆಂಡಿನ ಕೆಲವೇ ದಶಲಕ್ಷಾಂಶಗಳ ಕಾಲ ಇದ್ದು, ಬಳಿಕ ಪ್ರತಿಧ್ವನಿಗಾಗಿ ಬಹುಕಾಲ ಸುಮ್ಮನಿರುತ್ತದೆ. ಅಂಗಾಂಶಕ್ಕೆ ಸೇರುವ ಶಕ್ತಿಯು ಅತ್ಯಲ್ಪ. ಚಿಕಿತ್ಸೆಯ ಶಬ್ದವಾದರೋ ಅಂಗಾಂಶದಲ್ಲಿ ಪರಿಣಾಮವನ್ನು ಉಂಟುಮಾಡಬೇಕೆಂದೇ ನಿಮಿಷಗಟ್ಟಲೆ ಪ್ರಯೋಗಿಸಲ್ಪಡುವುದು. ಹೀಗಾಗಿ ಗರ್ಭಿಣಿಯ ಉದರದ ಮೇಲೆ ಮೊದಲನೆಯದನ್ನು ವೈದ್ಯರು ನಿತ್ಯವೂ ಬಳಸುತ್ತಿರುವಾಗ ಎರಡನೆಯದು ಅಲ್ಲಿ ನಿಷಿದ್ಧವಾಗಿದೆ.

ಹೆಸರು ಒಂದಾಗಿದ್ದು ಫಲವು ಬೇರೆಯಾಗಲು ಕಾರಣ ಮಾತ್ರೆ. ಕನ್ನಡದಲ್ಲಿ ಈ ಮಾತಿಗೆ ಛಂದಸ್ಸಿನಲ್ಲಿ ಕಾಲದ ಅಳತೆಯೆಂದೂ, ವೈದ್ಯದಲ್ಲಿ ಔಷಧದ ಪ್ರಮಾಣವೆಂದೂ, ಬಳಕೆಯಲ್ಲಿ ಗುಳಿಗೆಯೆಂದೂ ಅರ್ಥವುಂಟು. ಎಲ್ಲಕ್ಕೂ ಮೂಲವಾದ ಭಾವ ಅಳತೆ. ಗುಳಿಗೆಯಲ್ಲಿ ಔಷಧದ ಅಳತೆಯನ್ನು ತಯಾರಿಸಿದವನೇ ನಿಶ್ಚಯಿಸಿರುತ್ತಾನೆ. ಶ್ರವಣಾತೀತ ಶಬ್ದದಲ್ಲಿ ಹಾಗಲ್ಲ; ಅಲ್ಲಿ ಮಾತ್ರೆಯು ಚಿಕಿತ್ಸಕನ ಕೈಯಲ್ಲಿ, ಆ ಕ್ಷಣದಲ್ಲಿ, ರೋಗಿಯ ಶರೀರದ ಮೇಲೆಯೇ ಸಿದ್ಧವಾಗುತ್ತದೆ. ಯಂತ್ರದ ಫಲಕದ ಮೇಲೆ ಕಾಣುವ ಅಂಕೆಯು ಮಾತ್ರೆಯಲ್ಲವೆಂಬುದನ್ನು ಅರಿಯುವುದೇ ಈ ಚಿಕಿತ್ಸೆಯನ್ನು ಸುರಕ್ಷಿತವಾಗಿಯೂ ಉಚಿತವಾಗಿಯೂ ಬಳಸುವುದಕ್ಕೆ ಮೊದಲ ಮೆಟ್ಟಿಲು.

೨

ಈ ಶಬ್ದವನ್ನು ಉತ್ಪಾದಿಸುವ ಉಪಾಯಕ್ಕೆ ಆಧಾರವಾದ ಶೋಧನೆಯು ಫ್ರಾನ್ಸಿನಲ್ಲಿ ನಡೆಯಿತು. ೧೮೮೦ರಲ್ಲಿ ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ ಇವರು ಕ್ವಾರ್ಟ್ಸ್ ಮೊದಲಾದ ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಕೊಂಡರು. ಇದರ ವಿಪರ್ಯಯವೂ ನಿಜವಾಗಿರಬೇಕೆಂದು ೧೮೮೧ರಲ್ಲಿ ಲಿಪ್‌ಮನ್ ಎಂಬ ಭೌತಶಾಸ್ತ್ರಜ್ಞರು ಗಣಿತದಿಂದ ಸೂಚಿಸಲು, ಕ್ಯೂರಿ ಸಹೋದರರು ಅದನ್ನು ಪ್ರಯೋಗದಿಂದ ಸ್ಥಾಪಿಸಿದರು. ಎಂದರೆ, ಸ್ಫಟಿಕಕ್ಕೆ ವಿದ್ಯುತ್ತನ್ನು ಕೊಟ್ಟರೆ ಅದು ಹಿಗ್ಗುವುದು, ಕುಗ್ಗುವುದು; ವಿದ್ಯುತ್ತು ಸೆಕೆಂಡಿಗೆ ಹತ್ತು ಲಕ್ಷ ಸಲ ಬದಲಾದರೆ ಸ್ಫಟಿಕವೂ ಅಷ್ಟೇ ಸಲ ಕಂಪಿಸುವುದು.

ಮೊದಲನೆಯ ಮಹಾಯುದ್ಧದಲ್ಲಿ ಸಮುದ್ರದೊಳಗಿನ ಜಲಾಂತರ್ಗಾಮಿ ನೌಕೆಗಳನ್ನು ಪತ್ತೆಹಚ್ಚಬೇಕಾದ ಆವಶ್ಯಕತೆಯು ಒದಗಿತು. ಪಾಲ್ ಲಾಂಜೆವಾನ್ ಎಂಬ ವಿದ್ವಾಂಸರು ೧೯೧೭ರ ಸುಮಾರಿನಲ್ಲಿ ತೂಲಾನ್ ಬಂದರಿನಲ್ಲಿ ಕ್ವಾರ್ಟ್ಸಿನಿಂದ ಬಲವಾದ ಶಬ್ದಧಾರೆಯನ್ನು ನೀರಿನೊಳಕ್ಕೆ ಕಳುಹಿಸುತ್ತಿದ್ದಾಗ, ಧಾರೆಗೆ ಅಡ್ಡವಾಗಿ ಬಂದ ಸಣ್ಣ ಮೀನುಗಳು ಸತ್ತು ತೇಲಿದುವು. ನೀರಿನಲ್ಲಿ ಕೈಯಿಟ್ಟವರಿಗೆ ನೋವಾಯಿತು. ಈ ಶಬ್ದವು ಜೀವವಸ್ತುವಿನ ಮೇಲೆ ಮಾಡುವ ಪರಿಣಾಮಕ್ಕೆ ಇದೇ ಮೊದಲ ಸಾಕ್ಷ್ಯವೆನ್ನಬಹುದು. ಅಲ್ಲಿಗೆ ಹೋಗಿ ಇದನ್ನು ಕಂಡಿದ್ದ ಅಮೆರಿಕದ ಆರ್. ಡಬ್ಲ್ಯು. ವುಡ್ ಎಂಬವರು ಆಲ್ಫ್ರೆಡ್ ಲೂಮಿಸ್ ಅವರೊಡನೆ ಕೂಡಿ ವಿಸ್ತಾರವಾದ ಪ್ರಯೋಗಗಳನ್ನು ನಡೆಸಿ ೧೯೨೭ರಲ್ಲಿ ಪ್ರಕಟಿಸಿದರು. ರಕ್ತದ ಕೆಂಪುಕಣಗಳು ಒಡೆಯುವುದನ್ನೂ, ಮೀನು ಕಪ್ಪೆಗಳು ಸಾಯುವುದನ್ನೂ ಅವರು ವರ್ಣಿಸಿದ್ದಾರೆ.

ಇಲ್ಲಿ ಬೆಂಗಳೂರಿನ ಹೆಸರೂ ಸೇರುತ್ತದೆ. ಶ್ರವಣಾತೀತ ಶಬ್ದವು ಹರಿಯುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದರೆ ಆ ಬೆಳಕು ಹಲವು ಕವಲಾಗಿ ಒಡೆಯುವುದೆಂದು ೧೯೩೨ರಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಗೊತ್ತಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಇವರು ೧೯೩೫-೩೬ರಲ್ಲಿ ಅದಕ್ಕೆ ಸಮರ್ಪಕವಾದ ಸಿದ್ಧಾಂತವನ್ನು ಕೊಟ್ಟರು. ಕಿವಿಗೆ ಕೇಳಿಸದ ಶಬ್ದವನ್ನು ಕಣ್ಣಿನಿಂದ ಅಳೆಯುವ ಮಾರ್ಗವು ಇದರಿಂದ ಸ್ಪಷ್ಟವಾಯಿತು.

ಕೊಲ್ಲುವ ಶಬ್ದವನ್ನು ಹಿತಮಿತವಾಗಿ ಬಳಸಿದರೆ ಗುಣವಾಗಬಹುದೆಂಬ ವಿಚಾರವು ಜರ್ಮನಿಯಲ್ಲಿ ಫಲಿಸಿತು. ರೈಮಾರ್ ಪೋಲ್ಮನ್ ಮತ್ತು ಅವರ ಸಹೋದ್ಯೋಗಿಗಳು ಗೃಧ್ರಸಿ ಮೊದಲಾದ ನರಶೂಲೆಗಳಲ್ಲಿ ಇದನ್ನು ಪ್ರಯೋಗಿಸಿ ೧೯೩೯ರಲ್ಲಿ ವರದಿ ಮಾಡಿದರು. ಅನಂತರದ ಹತ್ತು ವರ್ಷಗಳಲ್ಲಿ ಉತ್ಸಾಹವು ವಿವೇಕವನ್ನು ಮೀರಿತು. ಕೀಲುನೋವಿಗೆ ಮಾತ್ರವಲ್ಲದೆ ಹೊಟ್ಟೆಯ ಹುಣ್ಣು, ಆಸ್ತಮಾ, ಚರ್ಮರೋಗ, ಹೃದಯಶೂಲೆ ಇವುಗಳಿಗೂ ಇದೇ ಮದ್ದೆಂದು ಬಳಸಿದವರುಂಟು. ೧೯೪೯ರಲ್ಲಿ ಎರ್ಲಾಂಗೆನ್ ನಗರದಲ್ಲಿ ವೈದ್ಯಕೀಯ ಶ್ರವಣಾತೀತ ಶಬ್ದವನ್ನೇ ಕುರಿತ ಮೊದಲ ಸಮ್ಮೇಳನವು ನೆರೆಯಿತು.

೩

ಶಬ್ದವು ಅಂಗಾಂಶವನ್ನು ಪ್ರವೇಶಿಸಿದ ಮೇಲೆ ಏನು ಮಾಡುತ್ತದೆಂಬುದನ್ನು ತಿಳಿಯದೆ ಮಾತ್ರೆಯ ವಿಚಾರವು ತಿಳಿಯದು. ಶರೀರದ ಮೃದುಭಾಗಗಳಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೧,೫೪೦ ಮೀಟರ್. ಕಂಪನಸಂಖ್ಯೆಯು ಸೆಕೆಂಡಿಗೆ ಹತ್ತು ಲಕ್ಷವಾದರೆ ತರಂಗದ ಉದ್ದವು ಸುಮಾರು ಒಂದೂವರೆ ಮಿಲಿಮೀಟರ್ ಆಗುವುದು. ಮೂವತ್ತು ಲಕ್ಷವಾದರೆ ಅರ್ಧ ಮಿಲಿಮೀಟರ್. ತರಂಗವು ಮುಂದುವರಿದಂತೆಲ್ಲ ಅದರ ಶಕ್ತಿಯು ಅಂಗಾಂಶದಲ್ಲಿ ಹೀರಲ್ಪಟ್ಟು ಶಾಖವಾಗುತ್ತದೆ. ನೀರು ಹೆಚ್ಚಾಗಿರುವ ಭಾಗಗಳೂ ಕೊಬ್ಬೂ ಅದನ್ನು ಕಡಮೆಯಾಗಿ ಹೀರುವುವು. ಸ್ನಾಯುರಜ್ಜು, ಅಸ್ಥಿರಜ್ಜು, ಕೀಲಿನ ಕೋಶ ಮೊದಲಾದ ನಾರುಮಯವಾದ ಭಾಗಗಳು ಹೆಚ್ಚಾಗಿ ಹೀರುವುವು. ಎಲ್ಲಕ್ಕಿಂತ ಹೆಚ್ಚಾಗಿ ಹೀರುವುದು ಮೂಳೆ. ಬಿಸಿನೀರಿನ ಚೀಲವು ಮುಖ್ಯವಾಗಿ ಚರ್ಮವನ್ನು ಕಾಯಿಸಿದರೆ, ಈ ಶಬ್ದವು ಚರ್ಮವನ್ನೂ ಕೊಬ್ಬನ್ನೂ ಹಾಯ್ದು ಒಳಗಿನ ನಾರುಭಾಗವನ್ನು ಕಾಯಿಸಬಲ್ಲುದು. ಇದರ ವಿಶೇಷವೂ ಇದರ ಅಪಾಯವೂ ಅದರಲ್ಲಿಯೇ ಇವೆ.

ಶಾಖವಲ್ಲದೆ ಬೇರೆ ಪರಿಣಾಮಗಳೂ ಉಂಟು. ತರಂಗದ ಒತ್ತಡದಿಂದ ದ್ರವದಲ್ಲಿ ಸೂಕ್ಷ್ಮವಾದ ಅನಿಲಗುಳ್ಳೆಗಳು ಹುಟ್ಟಿ ಕಂಪಿಸುವುದು ಒಂದು. ಜೀವಕೋಶಗಳ ಸುತ್ತಲಿನ ದ್ರವವು ಸಣ್ಣ ಸುಳಿಗಳಾಗಿ ಹರಿಯುವುದು ಇನ್ನೊಂದು. ಗುಳ್ಳೆಗಳು ಶಾಂತವಾಗಿ ಕಂಪಿಸಿದರೆ ಕೋಶದ ಪೊರೆಯಲ್ಲಿ ಹಿತವಾದ ವ್ಯತ್ಯಾಸಗಳು ಆಗಬಹುದೆಂದು ಪ್ರಯೋಗಶಾಲೆಯ ಪರೀಕ್ಷೆಗಳು ಸೂಚಿಸಿವೆ. ಬಲವಾದ ಶಬ್ದದಲ್ಲಿ ಅವೇ ಗುಳ್ಳೆಗಳು ಫಕ್ಕನೆ ಕುಸಿದು ಕೋಶಗಳನ್ನು ಒಡೆಯುವುವು.

೪

ಮಾತ್ರೆಯು ಒಂದು ಅಂಕೆಯಿಂದ ಆಗುವುದಲ್ಲ. ಐದು ಅಂಶಗಳು ಕೂಡಿ ಅದು ಆಗುತ್ತದೆ. ಅವು ಕಂಪನಸಂಖ್ಯೆ, ತೀವ್ರತೆ, ಬಿಡುವು, ವಿಸ್ತಾರ ಮತ್ತು ಕಾಲ.

ಕಂಪನಸಂಖ್ಯೆಯಿಂದ ಆಳವು ನಿರ್ಣಯವಾಗುತ್ತದೆ. ಹೆಚ್ಚು ಕಂಪನವಾದರೆ ಶಕ್ತಿಯು ಆಳಕ್ಕೆ ಇಳಿಯುತ್ತದೆಂದು ಊಹಿಸುವುದು ಸಹಜ. ಆದರೆ ನಿಜವು ಇದಕ್ಕೆ ವಿರುದ್ಧ. ಮೂವತ್ತು ಲಕ್ಷದ ಶಬ್ದವು ಮೇಲಿನ ಒಂದೆರಡು ಸೆಂಟಿಮೀಟರುಗಳಲ್ಲಿಯೇ ಬಹುಮಟ್ಟಿಗೆ ಹೀರಲ್ಪಡುವುದು. ಹತ್ತು ಲಕ್ಷದ್ದು ಮೂರರಿಂದ ಐದು ಸೆಂಟಿಮೀಟರುಗಳವರೆಗೆ ಇಳಿಯುವುದು. ಮೊಣಕೈಯ ಬಳಿಯ ಸ್ನಾಯುರಜ್ಜುವಿಗೆ ಮೊದಲನೆಯದೂ, ತೊಡೆಯ ಒಳಸ್ನಾಯುವಿಗೆ ಎರಡನೆಯದೂ ತಕ್ಕುದು.

ತೀವ್ರತೆಯನ್ನು ಚದರ ಸೆಂಟಿಮೀಟರಿಗೆ ಇಷ್ಟು ವಾಟ್ ಎಂದು ಅಳೆಯುವರು. ಚಿಕಿತ್ಸಾಯಂತ್ರಗಳಿಗೆ ಅಂತರರಾಷ್ಟ್ರೀಯ ನಿಯಮವು ಗೊತ್ತುಮಾಡಿರುವ ಪರಮಾವಧಿಯು ೩ ವಾಟ್. ಬಿಡುವೆಂದರೆ ಶಬ್ದವನ್ನು ತಡೆತಡೆದು ಕಳುಹಿಸುವುದು. ಹತ್ತು ಭಾಗಗಳಲ್ಲಿ ಎರಡು ಭಾಗದ ಕಾಲ ಶಬ್ದವಿದ್ದು ಎಂಟು ಭಾಗದ ಕಾಲ ಬಿಡುವಿದ್ದರೆ, ಫಲಕವು ೧ ವಾಟ್ ಎಂದು ತೋರಿಸಿದರೂ ಸರಾಸರಿಯಲ್ಲಿ ಸೇರುವುದು ೦.೨ ವಾಟ್ ಮಾತ್ರ. ಶಾಖವು ಬೇಡವಾದ ಹೊಸ ಪೆಟ್ಟುಗಳಲ್ಲಿ ಈ ಕ್ರಮವನ್ನು ಅನುಸರಿಸುವರು.

ಈ ಅಂಶಗಳು ಒಂದನ್ನೊಂದು ಹೇಗೆ ಅವಲಂಬಿಸಿವೆಯೆಂಬುದಕ್ಕೆ ೧೯೯೫ರಲ್ಲಿ ಡ್ರೇಪರ್ ಮೊದಲಾದವರು ಪ್ರಕಟಿಸಿದ ಪ್ರಯೋಗವು ಒಳ್ಳೆಯ ಉದಾಹರಣೆ. ಮನುಷ್ಯರ ಮೀನಖಂಡದ ಸ್ನಾಯುವಿನೊಳಗೆ ಉಷ್ಣಮಾಪಕದ ಸೂಜಿಯನ್ನಿಟ್ಟು ಅವರು ಅಳೆದಾಗ, ಬಿಡುವಿಲ್ಲದ ೧ ವಾಟ್ ತೀವ್ರತೆಯಲ್ಲಿ ಮೂವತ್ತು ಲಕ್ಷದ ಶಬ್ದವು ನಿಮಿಷಕ್ಕೆ ಸುಮಾರು ೦.೬ ಡಿಗ್ರಿ ಸೆಂಟಿಗ್ರೇಡಿನಂತೆಯೂ, ಹತ್ತು ಲಕ್ಷದ್ದು ಸುಮಾರು ೦.೨ ಡಿಗ್ರಿಯಂತೆಯೂ ಶಾಖವನ್ನು ಏರಿಸಿದುವು. ಬಿಗಿದ ನಾರುಭಾಗವನ್ನು ಸಡಿಲಿಸಲು ಸುಮಾರು ೪ ಡಿಗ್ರಿ ಏರಬೇಕೆಂದು ಸಾಮಾನ್ಯವಾಗಿ ಹೇಳುವರು. ಅಷ್ಟಕ್ಕೆ ಮೊದಲನೆಯದರಿಂದ ಏಳು ನಿಮಿಷಗಳು ಸಾಕು. ಎರಡನೆಯದರಿಂದ ಇಪ್ಪತ್ತು ನಿಮಿಷಗಳು ಬೇಕು. ಎಲ್ಲ ರೋಗಿಗಳಿಗೂ ಐದು ನಿಮಿಷವೆಂಬ ವಾಡಿಕೆಗೆ ಆಧಾರವಿಲ್ಲವೆಂದು ಇದರಿಂದಲೇ ತಿಳಿಯುವುದು. ಹೀಗೆ ಪಡೆದ ಶಾಖವು ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದರಿಂದ, ಬಿಗಿದ ಅಂಗವನ್ನು ಚಾಚಬೇಕಾದರೆ ಒಡನೆಯೇ ಚಾಚಬೇಕು.

ವಿಸ್ತಾರವು ಬಹುಮಂದಿ ಮರೆಯುವ ಅಂಶ. ಕೈಯಲ್ಲಿ ಹಿಡಿಯುವ ಉಪಕರಣದ ಮುಖವೆಲ್ಲವೂ ಶಬ್ದವನ್ನು ಹೊರಡಿಸುವುದಿಲ್ಲ. ಫಲಕಾರಿಯಾದ ಭಾಗವು ಮುಖಕ್ಕಿಂತ ಚಿಕ್ಕದು. ಆ ಭಾಗದ ಎರಡರಷ್ಟು ವಿಸ್ತಾರಕ್ಕೆ ಮಾತ್ರ ಒಂದು ಚಿಕಿತ್ಸೆಯು ಸಲ್ಲುತ್ತದೆ. ಅದು ೫ ಚದರ ಸೆಂಟಿಮೀಟರ್ ಇದ್ದರೆ ಚಿಕಿತ್ಸೆಯ ವಿಸ್ತಾರವು ೧೦ ಚದರ ಸೆಂಟಿಮೀಟರ್, ಎಂದರೆ ಬೆಂಕಿಪೆಟ್ಟಿಗೆಯ ಮೈಗಿಂತಲೂ ಕಡಮೆ. ಅದೇ ಶಕ್ತಿಯನ್ನು ಬೆನ್ನಿನ ಮೇಲೆ ೧೦೦ ಚದರ ಸೆಂಟಿಮೀಟರಿಗೆ ಹರಡಿದರೆ ಪ್ರತಿಯೊಂದು ಸ್ಥಳಕ್ಕೂ ದೊರೆಯುವುದು ಹತ್ತರಲ್ಲೊಂದು ಪಾಲು. ರೋಗಿಗೆ ಚಿಕಿತ್ಸೆಯಾಯಿತೆಂಬ ಭಾವನೆಯು ಉಳಿಯುವುದು. ಅಂಗಾಂಶಕ್ಕೆ ಏನೂ ಆಗಿರದು.

೫

ಸರಿಯಾದ ಅಂಕೆಗಳನ್ನು ಆರಿಸಿದ ಮೇಲೂ ಅವು ಶರೀರಕ್ಕೆ ಸೇರುವ ದಾರಿಯಲ್ಲಿ ಮೂರು ವಿಘ್ನಗಳಿವೆ. ಮೊದಲನೆಯದು ಗಾಳಿ. ಗಾಳಿಗೂ ಚರ್ಮಕ್ಕೂ ಶಬ್ದವನ್ನು ಒಯ್ಯುವ ಗುಣದಲ್ಲಿ ಬಹಳ ಅಂತರವಿರುವುದರಿಂದ, ನಡುವೆ ಕೂದಲಿನ ಎಳೆಯಷ್ಟು ಗಾಳಿಯಿದ್ದರೂ ಶಬ್ದವೆಲ್ಲವೂ ಬಹುಮಟ್ಟಿಗೆ ಹಿಂದಿರುಗುವುದು. ಉಪಕರಣಕ್ಕೂ ಚರ್ಮಕ್ಕೂ ನಡುವೆ ಜೆಲ್ ಎಂಬ ಲೋಳೆಯನ್ನು ಸವರುವುದು ಇದಕ್ಕಾಗಿ, ಜಾರಲೆಂದು ಮಾತ್ರವಲ್ಲ. ಉಬ್ಬುತಗ್ಗುಗಳಿರುವ ಕೈಬೆರಳು, ಹರಡುಗಳನ್ನು ನೀರಿನಲ್ಲಿ ಮುಳುಗಿಸಿ ಚಿಕಿತ್ಸೆ ಮಾಡುವುದುಂಟು. ಆಗ ಚರ್ಮಕ್ಕೆ ಅಂಟಿದ ಗುಳ್ಳೆಗಳನ್ನು ಒರಸಬೇಕು.

ಎರಡನೆಯದು ಶಬ್ದಧಾರೆಯ ಅಸಮತೆ. ಧಾರೆಯ ಎಲ್ಲ ಭಾಗಗಳಲ್ಲಿಯೂ ತೀವ್ರತೆಯು ಒಂದೇ ಆಗಿರುವುದಿಲ್ಲ; ಫಲಕವು ತೋರಿಸುವುದು ಸರಾಸರಿ. ಧಾರೆಯ ಪರಮಾವಧಿಗೂ ಸರಾಸರಿಗೂ ಇರುವ ಪ್ರಮಾಣವು ಒಂದು ಯಂತ್ರದಲ್ಲಿ ಐದು ಎಂದಿದ್ದರೆ, ಸರಾಸರಿ ೧.೫ ವಾಟ್ ಇರುವಾಗ ಯಾವುದೋ ಒಂದು ಬಿಂದುವಿನಲ್ಲಿ ೭.೫ ವಾಟ್ ಇರುವುದು. ಉಪಕರಣವನ್ನು ಒಂದೇ ಕಡೆ ನಿಲ್ಲಿಸಿದರೆ ಆ ಬಿಂದುವಿನಲ್ಲಿ ಅಂಗಾಂಶವು ಸುಡಬಹುದು. ಅಲ್ಲದೆ ಮೂಳೆಯಿಂದ ಹಿಂದಿರುಗಿದ ತರಂಗವು ಮುಂದುವರಿಯುವ ತರಂಗದೊಡನೆ ಬೆರೆತು ನಿಶ್ಚಲತರಂಗವಾಗಬಹುದು. ಅಂತಹ ಸ್ಥಿತಿಯಲ್ಲಿ ಕೋಳಿಯ ಭ್ರೂಣದ ರಕ್ತನಾಳಗಳಲ್ಲಿ ರಕ್ತಕಣಗಳು ಹರಿಯದೆ ಪಟ್ಟೆಪಟ್ಟೆಯಾಗಿ ನಿಂತುದನ್ನು ಡೈಸನ್ ಮೊದಲಾದವರು ೧೯೭೪ರಲ್ಲಿ ವರದಿ ಮಾಡಿದ್ದಾರೆ. ಇವೆರಡಕ್ಕೂ ಪರಿಹಾರ ಒಂದೇ: ಉಪಕರಣವನ್ನು ನಿಲ್ಲಿಸದೆ, ಮೆಲ್ಲಗೆ, ಗೊತ್ತಾದ ವಿಸ್ತಾರದೊಳಗೆ ಆಡಿಸುತ್ತಿರುವುದು.

ಮೂರನೆಯದು ಯಂತ್ರದ ಸುಳ್ಳು. ಸ್ಫಟಿಕವು ಕಾಲಕ್ರಮದಲ್ಲಿ ದುರ್ಬಲವಾಗುವುದು. ಉಪಕರಣವು ಕೈಜಾರಿ ಬಿದ್ದರೆ ಬಿರುಕು ಬಿಡಬಹುದು. ಫಲಕದ ಅಂಕೆ ಮಾತ್ರ ಎಂದಿನಂತೆಯೇ ಇರುವುದು. ೧೯೯೨ರಲ್ಲಿ ಸ್ಕಾಟ್‌ಲೆಂಡಿನ ಲೋದಿಯನ್ ಪ್ರಾಂತದಲ್ಲಿ ಬಳಕೆಯಲ್ಲಿದ್ದ ಯಂತ್ರಗಳನ್ನು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ಸೂಚಿಸಿದ ಶಕ್ತಿಗೂ ಕೊಟ್ಟ ಶಕ್ತಿಗೂ ನೂರಕ್ಕೆ ಮೂವತ್ತಕ್ಕೂ ಮೀರಿದ ವ್ಯತ್ಯಾಸವಿದ್ದಿತು. ಶಬ್ದದ ಒತ್ತಡವನ್ನು ತೂಗುವ ಸೂಕ್ಷ್ಮವಾದ ತಕ್ಕಡಿಯಿಂದ ಯಂತ್ರವನ್ನು ನಿಯತವಾಗಿ ಪರೀಕ್ಷಿಸುವುದೊಂದೇ ಇದಕ್ಕೆ ಉಪಾಯ.

೬

ಯಂತ್ರದ ಮಾತನ್ನು ಪೂರ್ತಿಯಾಗಿ ನಂಬಲಾಗದ ಕಾರಣ ರೋಗಿಯ ಮಾತಿಗೆ ಬೆಲೆ ಹೆಚ್ಚು. ಚಿಕಿತ್ಸೆಯ ಕಾಲದಲ್ಲಿ ಹಿತವಾದ ಬೆಚ್ಚಗಿನ ಅನುಭವವಾಗಬಹುದು, ಅಥವಾ ಏನೂ ಅನುಭವವಾಗದೆ ಇರಬಹುದು. ಬಿಸಿಯನ್ನು ಅರಿಯುವ ನರಗಳು ಹೆಚ್ಚಾಗಿ ಚರ್ಮದಲ್ಲಿವೆ. ಶಬ್ದವು ಕಾಯಿಸುವುದು ಒಳಗನ್ನು. ಆದಕಾರಣ ರೋಗಿಯು “ಏನೂ ಗೊತ್ತಾಗುತ್ತಿಲ್ಲ” ಎಂದೊಡನೆ ತೀವ್ರತೆಯನ್ನು ಏರಿಸುವುದು ದೊಡ್ಡ ತಪ್ಪು. ಆಳದಲ್ಲಿ ಕೊರೆಯುವಂತಹ ನೋವು ತೋರಿದರೆ ಮೂಳೆಯ ಹೊರಪೊರೆಯು ಮಿತಿಮೀರಿ ಕಾಯುತ್ತಿದೆಯೆಂದು ತಿಳಿದು, ಕೂಡಲೆ ತೀವ್ರತೆಯನ್ನು ಇಳಿಸಬೇಕು ಅಥವಾ ಉಪಕರಣವನ್ನು ತೆಗೆಯಬೇಕು. ಈ ನೋವೇ ಶರೀರವು ಕೊಡುವ ಕೊನೆಯ ಎಚ್ಚರಿಕೆ. ಆ ಎಚ್ಚರಿಕೆಯನ್ನು ಕೊಡಲಾರದ ಶರೀರಗಳೂ ಉಂಟು. ಸಿಹಿಮೂತ್ರರೋಗದಿಂದ ಪಾದಗಳ ಸ್ಪರ್ಶಜ್ಞಾನವು ಅಳಿದವರು, ನರಗಳಿಗೆ ಪೆಟ್ಟಾದವರು, ಮಾತಿನಿಂದ ತಿಳಿಸಲಾರದವರು ಈ ವರ್ಗಕ್ಕೆ ಸೇರುವರು. ಆದಕಾರಣ ಚಿಕಿತ್ಸೆಗೆ ಮೊದಲು ಬಿಸಿ ತಣ್ಣನೆಗಳನ್ನೂ ಸೂಜಿಯ ಮೊನೆಯನ್ನೂ ಆ ಸ್ಥಳದಲ್ಲಿ ಮುಟ್ಟಿಸಿ ಪರೀಕ್ಷಿಸುವುದು ವಿಧಿಯಾಗಿದೆ.

ಕೆಲವು ಸ್ಥಳಗಳಲ್ಲಿಯೂ ಸ್ಥಿತಿಗಳಲ್ಲಿಯೂ ಪ್ರಯೋಗವೇ ಕೂಡದು. ಕಣ್ಣಿನಲ್ಲಿ ಶಾಖವನ್ನು ಒಯ್ಯುವ ರಕ್ತಸಂಚಾರವು ಸಾಲದು. ವೃಷಣವು ಶಾಖವನ್ನು ಸಹಿಸದು. ಗರ್ಭದಲ್ಲಿರುವ ಶಿಶುವಿನ ಅಂಗರಚನೆಗೆ ಶಾಖದಿಂದ ಹಾನಿಯಾಗಬಹುದು. ಅರ್ಬುದರೋಗದ ಸ್ಥಳದಲ್ಲಿ ಕೋಶಗಳ ಬೆಳವಣಿಗೆಯನ್ನು ಪ್ರೇರಿಸುವ ಭಯವಿದೆ. ಆಳದ ಸಿರೆಯಲ್ಲಿ ರಕ್ತವು ಹೆಪ್ಪುಗಟ್ಟಿದ್ದರೆ ಹೆಪ್ಪು ಕಳಚಿ ಹರಿದು ಪ್ರಾಣಾಪಾಯವಾಗಬಹುದು. ರಕ್ತಸ್ರಾವವಿರುವಲ್ಲಿ, ಸೋಂಕು ತಗುಲಿರುವಲ್ಲಿ, ರಕ್ತಸಂಚಾರವು ಕುಗ್ಗಿರುವಲ್ಲಿ, ಹೃದಯದ ಬಡಿತವನ್ನು ನಡೆಸುವ ಯಂತ್ರವನ್ನು ಎದೆಯಲ್ಲಿ ಇಟ್ಟಿರುವಲ್ಲಿ, ಬೆನ್ನೆಲುಬಿನ ಕಮಾನನ್ನು ಶಸ್ತ್ರದಿಂದ ತೆಗೆದು ಮಿದುಳುಬಳ್ಳಿಯು ಮರೆಯಿಲ್ಲದೆ ಇರುವಲ್ಲಿ ಇದನ್ನು ಬಿಡಬೇಕು. ಮಕ್ಕಳ ಮೂಳೆಗಳ ಬೆಳೆಯುವ ತುದಿಗಳ ಮೇಲೆ ವಿಶೇಷವಾದ ಎಚ್ಚರಿಕೆ ಬೇಕು. ಶರೀರದೊಳಗೆ ಇಟ್ಟ ಲೋಹವು ಶಾಖವನ್ನು ಬೇಗನೆ ಹರಡಿಬಿಡುವುದರಿಂದ ಅದು ಪೂರ್ತಿ ನಿಷೇಧಕ್ಕೆ ಕಾರಣವಾಗದು. ಪ್ಲಾಸ್ಟಿಕ್ಕಾಗಲಿ, ಕೀಲನ್ನು ಕೂಡಿಸಿದ ಅಂಟಾಗಲಿ ಶಬ್ದವನ್ನು ಹೆಚ್ಚಾಗಿ ಹೀರುವುದರಿಂದ ಅವುಗಳ ಮೇಲೆ ಪ್ರಯೋಗಿಸುವುದಿಲ್ಲ.

೭

ಹಾನಿಯಾಗದಂತೆ ಬಳಸುವುದು ಒಂದು. ಪ್ರಯೋಜನವಾಗುವಲ್ಲಿ ಬಳಸುವುದು ಇನ್ನೊಂದು. ೨೦೦೧ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ ಇವರು ಅದುವರೆಗೆ ನಡೆದ ೩೫ ಪರೀಕ್ಷೆಗಳನ್ನು ವಿಮರ್ಶಿಸಿ, ಕ್ರಮಬದ್ಧವಾಗಿ ನಡೆದವು ೧೦ ಮಾತ್ರವೆಂದು ಆರಿಸಿದರು. ಅವುಗಳಲ್ಲಿ ಎರಡರಲ್ಲಿ ಮಾತ್ರ ನಿಜವಾದ ಶಬ್ದವು ಹುಸಿ ಚಿಕಿತ್ಸೆಗಿಂತ ಮೇಲೆಂದು ತೋರಿತು: ಮಣಿಕಟ್ಟಿನಲ್ಲಿ ನರವು ಒತ್ತಲ್ಪಟ್ಟ ರೋಗ ಒಂದು, ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣವು ಶೇಖರವಾದ ರೋಗ ಇನ್ನೊಂದು. ಎರಡನೆಯದನ್ನು ವಿಯೆನ್ನಾದ ವೈದ್ಯರು ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ್ದರು. ಹದಿನೈದು ನಿಮಿಷಗಳಂತೆ ೨೪ ಸಲ ಚಿಕಿತ್ಸೆಯಾದವರಲ್ಲಿ ಒಂಬತ್ತು ತಿಂಗಳ ಬಳಿಕ ನೂರಕ್ಕೆ ೪೨ ಭುಜಗಳಲ್ಲಿ ಸುಣ್ಣವು ಕರಗಿಹೋಗಿತ್ತು. ಹುಸಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೮ರಲ್ಲಿ ಮಾತ್ರ. ಆದರೂ ನೋವಿನ ವಿಷಯದಲ್ಲಿ ಮೊದಲು ಕಂಡ ವ್ಯತ್ಯಾಸವು ಆ ವೇಳೆಗೆ ಉಳಿದಿರಲಿಲ್ಲ.

ಮುರಿದ ಮೂಳೆಯನ್ನು ಬೇಗನೆ ಕೂಡಿಸಲು ಚದರ ಸೆಂಟಿಮೀಟರಿಗೆ ೦.೦೩ ವಾಟ್ ಮಾತ್ರ ಇರುವ ಅತಿ ಮೃದುವಾದ ಶಬ್ದವನ್ನು ದಿನಕ್ಕೆ ಇಪ್ಪತ್ತು ನಿಮಿಷ ಬಳಸುವ ಯಂತ್ರಕ್ಕೆ ೧೯೯೪ರಲ್ಲಿ ಅಮೆರಿಕದಲ್ಲಿ ಅನುಮತಿಯು ದೊರೆಯಿತು. ಕಾಲಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ೫೦೧ ಮಂದಿಯ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಮೂಳೆಯು ಬೇಗ ಕೂಡಿದುದಾಗಲಿ, ರೋಗಿಯು ಬೇಗ ಚೇತರಿಸಿದುದಾಗಲಿ ಕಾಣಲಿಲ್ಲ. ಹರಡು ಉಳುಕಿದುದಕ್ಕೂ ಬಹುದಿನದ ಸೊಂಟನೋವಿಗೂ ಇದು ಮುಖ್ಯವಾದ ಫಲವನ್ನು ಕೊಡುವುದೆಂಬುದಕ್ಕೆ ಬಲವಾದ ಪ್ರಮಾಣವು ದೊರೆತಿಲ್ಲ.

ಇದರಿಂದ ಈ ಚಿಕಿತ್ಸೆಯು ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಆತುರವಾದೀತು. ಪರೀಕ್ಷೆಗಳಲ್ಲಿಯೂ ಅನೇಕ ವೇಳೆ ಮಾತ್ರೆಯು ಸರಿಯಾಗಿರಲಿಲ್ಲವೆಂದು ಹೇಳುವವರುಂಟು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದೇ ಮಾತು ನಿತ್ಯದ ಚಿಕಿತ್ಸೆಗೂ ಅನ್ವಯಿಸುತ್ತದೆ. ಸೊಂಟದ ನೋವಿನವನನ್ನು ಮಲಗಿಸಿ, ಬೆನ್ನೆಲ್ಲ ಲೋಳೆ ಸವರಿ, ಐದು ನಿಮಿಷ ಉಪಕರಣವನ್ನು ಆಡಿಸಿ ಕಳುಹಿಸಿದರೆ ಅವನಿಗೆ ಸುಡುವುದೂ ಇಲ್ಲ, ಗುಣವಾಗುವುದೂ ಇಲ್ಲ. ಆದರೂ ಅದು ನಿರಪಾಯವಲ್ಲ; ಅವನು ಮಾಡಬೇಕಾಗಿದ್ದ ವ್ಯಾಯಾಮದ ಸ್ಥಾನವನ್ನು ಅದು ಆಕ್ರಮಿಸುವುದು, ದಿನಗೂಲಿಯವನ ಒಂದು ದಿನದ ದುಡಿಮೆಯನ್ನು ತಿನ್ನುವುದು. ಶ್ರವಣಾತೀತ ಶಬ್ದವು ಸಹಾಯಕ ಚಿಕಿತ್ಸೆಯೇ ಹೊರತು ಪ್ರಧಾನ ಚಿಕಿತ್ಸೆಯಲ್ಲ.

ತೂಲಾನ್ ಬಂದರಿನಲ್ಲಿ ಮೀನನ್ನು ಕೊಂದ ಶಬ್ದವೂ ವಿಯೆನ್ನಾದಲ್ಲಿ ಭುಜದ ಸುಣ್ಣವನ್ನು ಕರಗಿಸಿದ ಶಬ್ದವೂ ಜಾತಿಯಲ್ಲಿ ಬೇರೆಯಲ್ಲ. ಅವೆರಡರ ನಡುವೆ ಇರುವುದು ಅಳತೆ. ಆ ಅಳತೆಯನ್ನು ಯಂತ್ರವು ತಾನಾಗಿ ಅರಿಯದು, ಕಿವಿಯು ಕೇಳಲಾರದು, ಚರ್ಮವು ಪೂರ್ತಿಯಾಗಿ ತಿಳಿಸಲಾರದು. ಆಳವನ್ನು ವಿಚಾರಿಸಿ, ವಿಸ್ತಾರವನ್ನು ಗುರುತಿಸಿ, ಕಾಲವನ್ನು ಲೆಕ್ಕಹಾಕಿ, ರೋಗಿಯ ಮುಖವನ್ನು ನೋಡುತ್ತ, ಬೇಡವೆಂದು ತೋರಿದಲ್ಲಿ ಉಪಕರಣವನ್ನು ಎತ್ತದೆಯೇ ಬಿಡುವ ಚಿಕಿತ್ಸಕನ ವಿವೇಕದಲ್ಲಿಯೇ ಅದು ನೆಲೆಸಿದೆ.